ಅಜ್ಜನ ಬಲೆಗೆ ನಾನು ಹೆಣೆದ ಮೂವತ್ತನಾಲ್ಕು ಸಾಲು

೧೯೫೬ನೇ ಇಸವಿ ಅಕ್ಟೋಬರ್ ೧೪, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕೂತೆ.

‘ಆ ದಿನಗಳಲ್ಲಿ’ ಎಂದು ಶುರುಮಾಡಿದರೆ ಮನೆಯಲ್ಲಿ ನಗುತ್ತಾರೆ. ನನಗಿನ್ನೂ ಹದಿನೆಂಟು ವರ್ಷ. ಆದರೂ ಹಾಗೆಯೇ ಬರೆಯಬೇಕು. ಆ ದಿನಗಳಲ್ಲಿ ನಮ್ಮ ಊರಿನ ಏಳು ಮನೆಗಳ ಜಗಲಿಯಲ್ಲಿ ಬೀಸುಬಲೆ ನೇತಾಡುತ್ತಿತ್ತು. ಈಗ ಒಂದರಲ್ಲೂ ಇಲ್ಲ. ನಮ್ಮ ಊರು ಇರುವುದು ಕೊಡ್ಲಿಪೇಟೆಯಿಂದ ಆಚೆಗೆ, ಹೇಮಾವತಿ ಹೊಳೆಯ ದಡದಲ್ಲಿ. ಹೊಳೆಯ ಆ ಕಡೆ ಮೈಸೂರು, ಈ ಕಡೆ ಕೊಡಗು. ಇನ್ನು ಹದಿನೆಂಟು ದಿನ ಕಳೆದು ರಾಜ್ಯಗಳು ಕೂಡಿದರೆ ಎರಡು ಕಡೆಯೂ ಮೈಸೂರೇ.

ನಿನ್ನೆ ಆಯುಧಪೂಜೆಗೆಂದು ಅಟ್ಟದಿಂದ ಗುದ್ದಲಿ, ಕತ್ತಿ, ಕುಡುಗೋಲು ಇಳಿಸುವಾಗ ಒಂದು ಗೋಣಿಚೀಲ ಸಿಕ್ಕಿತು. ಒಳಗೆ ಅಜ್ಜನ ಬಲೆ. ನಾನು ಅದನ್ನು ಕೊನೆಯ ಸಲ ಮುಟ್ಟಿದ್ದು ೧೯೫೦ರ ಆಗಸ್ಟ್ ೧೯ರಂದು. ನನ್ನ ಪುಸ್ತಕದಲ್ಲಿ ಹಾಗೆಂದು ಇದೆ. ಇವತ್ತು ವಿಜಯದಶಮಿ, ಬಿಟ್ಟ ಕೆಲಸ ಹಿಡಿಯಲು ಒಳ್ಳೆಯ ದಿನ ಎಂದು ಅಜ್ಜಿ ಅಂದಿದ್ದರಿಂದ ಬೆಳಕು ಹರಿಯುವಾಗಲೇ ಸೂಜಿಗೆ ನೂಲು ಸುತ್ತಿಕೊಂಡು ಕೂತೆ. ಅರ್ಧ ಗಂಟೆ ಹೆಣೆದು ನಿಂತುಬಿಟ್ಟೆ. ಯಾಕೆ ನಿಂತೆ ಎಂಬುದು ತಿಳಿಯಬೇಕಾದರೆ ಆ ವರ್ಷದ ಬೇಸಿಗೆಯನ್ನು ಮೊದಲಿನಿಂದ ಹೇಳಬೇಕು.

ಪುಸ್ತಕ ಎಂದೆನಲ್ಲ, ಅದು ಚಿಕ್ಕಪ್ಪ ಕೊಟ್ಟದ್ದು. ಚಿಕ್ಕಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕದಲ್ಲಿ ಅರ್ಧದಷ್ಟು ಹಾಳೆಗಳು ಖಾಲಿ ಉಳಿದಿದ್ದವು. ಅದನ್ನು ನನಗೆ ತಂದುಕೊಟ್ಟ ದಿನದಿಂದ ನಾನು ಸಿಕ್ಕಿದ್ದನ್ನೆಲ್ಲ ಎಣಿಸಿ ಬರೆಯುತ್ತಿದ್ದೆ. ಕೋಳಿ ಇಟ್ಟ ಮೊಟ್ಟೆ, ಮಳೆ ಬಂದ ದಿನ, ಅಳುಗುಳಿಮಣೆ ಆಟದಲ್ಲಿ ಸೋತದ್ದು, ಗೆದ್ದದ್ದು. ಚಿಕ್ಕಪ್ಪ ನನ್ನನ್ನು ಕರೆಯುತ್ತಿದ್ದದ್ದೇ ರೈಟರಮ್ಮ ಎಂದು.

೧೯೫೦ರ ಮಾರ್ಚ್ ೫. ಯುಗಾದಿಗೆ ಮನೆ ಸಾರಿಸಿ ಸುಣ್ಣ ಬಳಿಯಲು ಅಟ್ಟ ಖಾಲಿಮಾಡುತ್ತಿದ್ದೆವು. ಅದಕ್ಕೆ ನಾಲ್ಕು ದಿನ ಮುಂಚೆ ಹೂಮಳೆ ಬಿದ್ದಿತ್ತು. ಹಿಂದಿನ ತೋಟದಲ್ಲಿ ಕಾಫಿ ಮೊಗ್ಗು ಬಿಳಿಯಾಗುತ್ತಿದ್ದ ದಿನಗಳು. ಗಾಳಿ ಈ ಕಡೆ ತಿರುಗಿದರೆ ಸುಣ್ಣದ ವಾಸನೆಯೊಳಗೂ ಮಲ್ಲಿಗೆಯಂಥ ವಾಸನೆ ಬರುತ್ತಿತ್ತು. ಇಲಿ ಮುಟ್ಟದಿರಲೆಂದು ಬೇವಿನ ಸೊಪ್ಪು ಹಾಕಿ ತೊಲೆಗೆ ಕಟ್ಟಿದ್ದ ಚೀಲವನ್ನು ಬಿಚ್ಚಿ ಜಗಲಿಯಲ್ಲಿ ಸುರಿದೆ. ಅಜ್ಜ ಕಂಬಕ್ಕೆ ಒರಗಿ ಕೂತಿದ್ದವರು ಕೈಚಾಚಿ ತಡವಿದರು.

“ಇದ್ಯಾಕೆ ಇಳಿಸ್ದೆ?”

“ಏನಜ್ಜ ಇದು?”

“ಬಲೆ. ಅರ್ಧ ಬಲೆ. ಯುದ್ಧ ಬಂತಲ್ಲ, ನೂಲು ಸಿಗದಂಗಾಯ್ತು. ಆಮೇಲೆ ನೂಲು ಬಂತು, ನಾನು ಇಂಗಾದೆ. ಎಷ್ಟು ಸಾಲು ಐತೆ ಎಣಿಸು ನೋಡಾನ.”

ನಲವತ್ತಾರು ಸಾಲಿತ್ತು. ಬೀಸುಬಲೆಯನ್ನು ನೆತ್ತಿಯಿಂದ ಹೆಣೆಯಲು ಶುರುಮಾಡಿ ಸುತ್ತು ಸುತ್ತಾಗಿ ಕೆಳಗೆ ಬರುತ್ತಾರೆ. ಕೆಳಗೆ ಬಂದಂತೆ ಅಲ್ಲಲ್ಲಿ ಒಂದೊಂದು ಕಿಂಡಿ ಹೆಚ್ಚಿಸುತ್ತಾರೆ. ಹಾಗೆ ಅಗಲವಾಗುತ್ತ ಹೋಗಿ ಕೊನೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಾರೆ. (ಬಲೆ ಹೆಣೆಯುವವರು ಕಿಂಡಿಗೆ ಕಣ್ಣು ಎನ್ನುತ್ತಾರೆ. ಅಜ್ಜನ ಕಣ್ಣಿನ ಮಾತೂ ಬರುವುದರಿಂದ ಗೊಂದಲ ಬೇಡವೆಂದು ನಾನು ಕಿಂಡಿ ಎಂದೇ ಬರೆಯುತ್ತೇನೆ.) ಅಜ್ಜ ಎಂಬತ್ತು ಸಾಲಿನ ಬಲೆ ಎಂದುಕೊಂಡು ಶುರುಮಾಡಿದ್ದರು. ಉಳಿದದ್ದು ಮೂವತ್ತನಾಲ್ಕು.

ಅಜ್ಜನಿಗೆ ಆಗ ಎರಡು ಕಷ್ಟವಿತ್ತು. ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಇದು ಪೊರೆಯಲ್ಲ, ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಕತ್ತರಿಸಿ ತೆಗೆಯುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಎರಡು ವರ್ಷದ ಹಿಂದೆ ಹೊಳೆಯಲ್ಲಿ ಕಲ್ಲು ಕಾಣದೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಅದು ಸೊಟ್ಟಗೆ ಕೂಡಿಕೊಂಡಿತು. ಆ ಕೈಯಲ್ಲಿ ತುತ್ತು ಎತ್ತಬಹುದಿತ್ತು, ಗಂಟು ಬಿಗಿಯಲು ಆಗುತ್ತಿರಲಿಲ್ಲ. ಬಿಗಿಯಿಲ್ಲದ ಗಂಟು ನೀರಿನಲ್ಲಿ ಜಾರುತ್ತದೆ. ಅವತ್ತಿನಿಂದ ಅಪ್ಪ ಅವರನ್ನು ಹೊಳೆಯ ಕಡೆಗೇ ಬಿಟ್ಟಿರಲಿಲ್ಲ.

ಅಜ್ಜ ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಕಿಂಡಿಗಳ ಮೇಲೆ ಎಡಗೈ ಆಡಿಸಿದರು. ಆಮೇಲೆ, “ಬೀಸ್ದಾಗ ಗಾಳೀಲಿ ರೊಟ್ಟಿ ತಟ್ಟಿದಂಗೆ ದುಂಡಗೆ ಬಿಚ್ಕತದೆ ಮಗ. ಒಂದು ಗಳಿಗೆ ಅಷ್ಟೆ. ಇನ್ನೊಂದು ಸಲ ಅದ ನೋಡ್ಬೇಕಿತ್ತು. ಒಂಚೂರು ಕಾಣೋವಾಗ್ಲೇ” ಅಂದರು.

“ನಾನು ಹೆಣೀತೀನಿ” ಅಂದೆ.

ಒಳಗೆ ಅಕ್ಕಿ ಕೇರುತ್ತಿದ್ದ ಅಜ್ಜಿ ಮೊರ ನಿಲ್ಲಿಸಿದರು. “ಒಬ್ರು ಹಿಡಿದ ಬಲೆಗೆ ಇನ್ನೊಬ್ರು ಕೈ ಹಾಕ್ಬಾರ್ದು ಅಂತ ನಮ್ಮತ್ತೆ ಹೇಳ್ತಿದ್ರು. ಬಲೆ ಮುನಿಸ್ಕತದಂತೆ.”

“ಮುನಿಸ್ಕಳಕ್ಕೆ ಅದೇನು ನೀನಾ?” ಅಂದರು ಅಜ್ಜ. “ಮೊಮ್ಮಗಳ ಕೈ ಬ್ಯಾರೆ, ನನ್ನ ಕೈ ಬ್ಯಾರೆಯಾ?”

ಅಜ್ಜಿ ಹೇಳಿದ್ದು ಮೂಢನಂಬಿಕೆ ಎಂದು ನಾನು ಪುಸ್ತಕದಲ್ಲಿ ಬರೆದೆ. ಆ ವಾರವಷ್ಟೇ ಮೇಷ್ಟ್ರು ಆ ಪದ ಕಲಿಸಿದ್ದರು.

ಮಾರ್ಚ್ ೬, ಸೋಮವಾರ, ಚೀಲದಲ್ಲಿ ಉಳಿದಿದ್ದ ಹಳೆಯ ನೂಲಿನಲ್ಲೇ ಕೆಲಸ ಶುರು. ಬಿದಿರಿನ ಸೂಜಿಗೆ ನೂಲು ಸುತ್ತಿಕೊಳ್ಳಬೇಕು. ಎಡಗೈಯ ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಹಿಡಿದು, ಅವುಗಳ ಸುತ್ತ ನೂಲು ತಂದು, ಮೇಲಿನ ಸಾಲಿನ ಕಿಂಡಿಯೊಳಗೆ ಸೂಜಿ ತೂರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಗಂಟು ಹಾಕಿ ಎಳೆಯಬೇಕು. ಬೆರಳು ಹೊರತೆಗೆದರೆ ಒಂದು ಕಿಂಡಿ. ಕೊಡ್ಲಿಪೇಟೆಯಲ್ಲಿ ಬೆರಳಿನ ಬದಲು ಬಿದಿರಿನ ಪಟ್ಟಿ ಇಟ್ಟುಕೊಂಡು ಹೆಣೆಯುವವರನ್ನು ನೋಡಿದ್ದೆ. ನಮಗೂ ಒಂದು ಪಟ್ಟಿ ಸೀಳಿಕೊಳ್ಳೋಣವೇ ಎಂದು ಕೇಳಿದರೆ ಅಜ್ಜ ಒಪ್ಪಲಿಲ್ಲ.

“ಪಟ್ಟಿ ಹಿಡ್ದು ಹೆಣೆಯೋರು ಮಾರೋಕೆ ಹೆಣೆಯೋರು. ಮನೆ ಬಲೆಗೆ ಬೆರಳೇ ಅಳತೆ. ನಮ್ಮಪ್ಪ ಹಂಗೇ ಹೆಣೆದ, ನಾನೂ ಹದಿನೇಳು ಬಲೆ ಹಂಗೇ ಹೆಣೆದೆ.”

ಪ್ರತಿ ಗಂಟನ್ನೂ ಅಜ್ಜ ಎಡಗೈ ಉಗುರಿನಲ್ಲಿ ಚಿವುಟಿ, ಎಳೆದು ನೋಡುತ್ತಿದ್ದರು. “ಸಡಿಲ. ಬಿಚ್ಚು.” “ಇದೂ ಸಡಿಲ.” “ಹೂಂ, ಇದು ಗಂಟು.” ಮೊದಲ ದಿನ ಇಪ್ಪತ್ತಮೂರು ಹಾಕಿದೆ, ಒಂಬತ್ತು ಬಿಚ್ಚಿದೆ. ನಿಂತದ್ದು ಹದಿನಾಲ್ಕು. ಎಲ್ಲಿ ಕಿಂಡಿ ಹೆಚ್ಚಿಸಬೇಕೆಂಬುದನ್ನು ಅಜ್ಜನೇ ಹೇಳುತ್ತಿದ್ದರು. ಬಲೆಯನ್ನು ಎಡಗೈಯಲ್ಲಿ ಎತ್ತಿ, ತೂಗಿ ನೋಡಿದಂತೆ ಮಾಡಿ, “ಇಲ್ಲೊಂದು ಹೆಚ್ಚಿಸು” ಎನ್ನುತ್ತಿದ್ದರು.

ಆ ಶನಿವಾರ, ಮಾರ್ಚ್ ೧೧ಕ್ಕೆ, ಚಿಕ್ಕಪ್ಪ ಶನಿವಾರಸಂತೆಯಿಂದ ಹೊಸ ನೂಲಿನ ಉಂಡೆಗಳನ್ನು ತಂದ. ಮೂಸಿದರೆ ಗಂಜಿಯ ವಾಸನೆ.

“ಏನಮ್ಮ ರೈಟರಮ್ಮ, ಇವತ್ತೆಷ್ಟು ಗಂಟು?”

“ನಲವತ್ತೊಂದು.”

“ನಮ್ಮ ಎಸ್ಟೇಟಲ್ಲಾಗಿದ್ರೆ ನಿಂಗೆ ಅರ್ಧ ದಿನದ ಹಾಜರಿನೂ ಬೀಳ್ತಿರಲಿಲ್ಲ.”

“ಹಾಜರಿ ಬರೆಯೋದು ನಾನು” ಅಂದೆ.

ಪುಸ್ತಕದ ಎಡಗಡೆ ಹಾಳೆಯಲ್ಲಿ ಗಂಟಿನ ಲೆಕ್ಕ. ಬಲಗಡೆ ಹಾಳೆಯಲ್ಲಿ ಅಜ್ಜನ ಕಣ್ಣಿನ ಲೆಕ್ಕ. ಅದನ್ನು ಶುರುಮಾಡಿದ್ದೂ ನಾನೇ. ಪ್ರತಿ ಸೋಮವಾರ ಬೆಳಿಗ್ಗೆ ಅಜ್ಜನನ್ನು ಜಗಲಿಯ ಕಂಬಕ್ಕೆ ಕೂರಿಸಿ, ನಾನು ಅಂಗಳದಲ್ಲಿ ಹೆಜ್ಜೆ ಎಣಿಸುತ್ತ ದೂರ ಹೋಗಿ ಬೆರಳು ಎತ್ತಿ ಹಿಡಿಯುತ್ತಿದ್ದೆ. ಎಷ್ಟು ಬೆರಳು ಎಂದು ಮೂರು ಸಲ ಸರಿಯಾಗಿ ಹೇಳಿದರೆ ಆ ಹೆಜ್ಜೆ ಅವತ್ತಿನ ಲೆಕ್ಕ. ಮಾರ್ಚ್ ೬ರಂದು ಹದಿನೇಳು ಹೆಜ್ಜೆ. ೨೦ಕ್ಕೆ ಹದಿನೈದು. ಏಪ್ರಿಲ್ ೩ಕ್ಕೆ ಹದಿಮೂರು.

ಅಜ್ಜನಿಗೆ ಇದು ಆಟದಂತಿತ್ತು. ತಪ್ಪಾದರೆ, “ನಿನ್ನ ಬೆರಳು ಕಡ್ಡಿ ಹಂಗೆ ಇದ್ರೆ ನಾನೇನು ಮಾಡ್ಲಿ, ಸರಿಯಾಗಿ ಉಣ್ಣು” ಎನ್ನುತ್ತಿದ್ದರು. ನನಗೆ ಆಟವಾಗಿರಲಿಲ್ಲ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು. ವಾರಕ್ಕೆ ಒಂದು ಹೆಜ್ಜೆಯಂತೆ ಹೋದರೆ ಜುಲೈ ೩ಕ್ಕೆ ಸೊನ್ನೆ. ಅದಕ್ಕಿಂತ ಮೊದಲೇ ಜೂನ್‌ನಲ್ಲಿ ಮುಂಗಾರು ಹಿಡಿದರೆ ಹೊಳೆ ಕೆಂಪಾಗಿ ತುಂಬಿಬಿಡುತ್ತದೆ, ದೀಪಾವಳಿಯವರೆಗೆ ಬಲೆ ಬೀಸುವಂತಿಲ್ಲ. ಹಾಗಾಗಿ ಮೇ ಮುಗಿಯುವುದರೊಳಗೆ ಮೂವತ್ತನಾಲ್ಕು ಸಾಲು. ಒಂದೊಂದು ಸಾಲಿಗೂ ಇನ್ನೂರರಷ್ಟು ಗಂಟು.

ಈ ಲೆಕ್ಕ ಹೊಳೆದ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಎಡಗೈಯ ಎರಡು ಬೆರಳು ತಾವಾಗಿಯೇ ಸೇರಿಕೊಳ್ಳುತ್ತಿದ್ದವು. ಪಕ್ಕದ ಮನೆಯ ಹುಡುಗಿಯರು ಅಳುಗುಳಿಮಣೆಗೆ ಕರೆದರೆ ಬರುವುದಿಲ್ಲ ಎನ್ನುತ್ತಿದ್ದೆ. ಶಾಲೆಯ ದಾರಿಯಲ್ಲಿ ಹೆಜ್ಜೆಗೆ ಒಂದು ಗಂಟು ಎಂದು ಮನಸ್ಸಿನಲ್ಲೇ ಹಾಕುತ್ತ ನಡೆಯುತ್ತಿದ್ದೆ. ಬೇಸಿಗೆ ರಜಾ ಬಂದಾಗ ಮಲೆನಾಡಿನ ಮಕ್ಕಳೆಲ್ಲ ಮರದ ಮೇಲಿದ್ದರೆ ನಾನು ಜಗಲಿಯ ಮೇಲಿದ್ದೆ. ಹಲಸಿನ ಹಣ್ಣು ಬಿಡಿಸುವ ದಿನ ಮಾತ್ರ ನನ್ನನ್ನು ದೂರ ಕೂರಿಸುತ್ತಿದ್ದರು, ಮೇಣ ಹತ್ತಿದ ಕೈಯಲ್ಲಿ ಬಲೆ ಮುಟ್ಟುತ್ತೇನೆಂದು. ತೊಳೆಗಳನ್ನು ಅವ್ವನೇ ಬಾಯಿಗೆ ಹಾಕುತ್ತಿದ್ದಳು. ನೂಲು ಎಳೆದೆಳೆದು ಕಿರುಬೆರಳಿನ ಗೆಣ್ಣಿನಲ್ಲಿ ಗೆರೆ ಬಿದ್ದು ಬಿರಿದಿತ್ತು. ಹುಣಸೆಹುಳಿ ಕಿವುಚಲು ಹೋದರೆ ಉರಿ.

“ತುರಿಮಣೆಗೆ ಕೊಟ್ಟಂಗೈತೆ ಬೆರಳು” ಅಂದಳು ಅವ್ವ. “ಒಂದಿನ ಬಿಡ್ಬಾರ್ದಾ?”

“ಒಂದಿನ ಬಿಟ್ರೆ ಎಂಬತ್ತು ಗಂಟು ಹೋಯ್ತು.”

ಮೇ ೧ಕ್ಕೆ ಒಂಬತ್ತು ಹೆಜ್ಜೆ. ಮೇ ೨೨ಕ್ಕೆ ಆರು. ಮೇ ೨೪, ಬುಧವಾರ ಮಧ್ಯಾಹ್ನ ಎಂಬತ್ತನೇ ಸಾಲು ಮುಗಿಯಿತು. ನಾನು ಹಾಕಿದ ಗಂಟು ಒಟ್ಟು ಆರು ಸಾವಿರದ ಎಂಟುನೂರ ಐವತ್ತೆರಡು. ಬಿಚ್ಚಿದ್ದನ್ನು ಸೇರಿಸಿಲ್ಲ. ಮಾರನೆಯ ದಿನ ಮತ್ತಿ ಮರದ ತೊಗಟೆಯನ್ನು ತಾಮ್ರದ ಹಂಡೆಯಲ್ಲಿ ಕುದಿಸಿ ಬಲೆಯನ್ನು ಅದರಲ್ಲಿ ಅದ್ದಿದೆವು. ಹತ್ತಿ ನೂಲು ನೀರಿನಲ್ಲಿ ಕೊಳೆಯದಿರಲು ಹಾಗೆ ಮಾಡುತ್ತಾರೆ. ಬಿಳಿ ನೂಲು, ಹಳದಿಯಾಗಿದ್ದ ಹಳೆಯ ನೂಲು ಎರಡೂ ಒಂದೇ ಕಂದು ಬಣ್ಣಕ್ಕೆ ತಿರುಗಿದವು. ಎಲ್ಲಿ ಅಜ್ಜನದು ಮುಗಿದು ನನ್ನದು ಶುರುವಾಯಿತೆಂದು ನನಗೇ ತಿಳಿಯಲಿಲ್ಲ. ಅದೇ ನನಗೆ ದೊಡ್ಡ ಸಂತೋಷ. ಮನೆಯೆಲ್ಲ ಒಗರು ವಾಸನೆ; ಎರಡು ದಿನ ಕಾಫಿಗೂ ಅದೇ ವಾಸನೆ. ಬಲೆ ಒಣಗಿದ ಮೇಲೆ ಅಂಚಿಗೆ ಸೀಸದ ಗುಂಡು ಕಟ್ಟಿದೆವು.

ಇನ್ನು ಅಪ್ಪನನ್ನು ಒಪ್ಪಿಸಬೇಕಿತ್ತು. “ಬಲೆ ಹೆಣೀರಿ, ನಾನು ಬ್ಯಾಡ ಅಂದ್ನಾ? ಹೊಳೆ ಹತ್ರ ಮಾತ್ರ ಅಪ್ಪಯ್ಯನ್ನ ಕರ್ಕಂಡು ಹೋಗ್ಬ್ಯಾಡಿ” ಎಂದು ಅಪ್ಪ ಮೊದಲೇ ಹೇಳಿದ್ದರು. ನಾನು ಪುಸ್ತಕ ತೆರೆದು ತೋರಿಸಿದೆ. ಬಟ್ಟೆ ಒಗೆಯುವ ಬಂಡೆಯಿಂದ ತೊಡೆಮಟ್ಟದ ನೀರಿಗೆ ಐದು ಹೆಜ್ಜೆ, ನಾನೇ ಅಳೆದು ಬಂದಿದ್ದೇನೆ, ಅಜ್ಜ ಬಂಡೆ ಬಿಟ್ಟು ಇಳಿಯುವುದಿಲ್ಲ, ಚಿಕ್ಕಪ್ಪ ಎದುರಿಗೇ ನಿಂತು ಬೀಸುತ್ತಾನೆ ಎಂದೆ. ಅಪ್ಪ ನಾನು ತೋರಿಸಿದ ಸಾಲು ಬಿಟ್ಟು ಬಲಗಡೆಯ ಹಾಳೆಯನ್ನು ನೋಡುತ್ತಿದ್ದರು.

“ಇದೇನಿದು? ಹದಿನೇಳು, ಹದಿನೈದು...”

ಹೇಳಿದೆ.

“ಆರಾ?” ಅಂದರು. “ನಂಗೆ ಯಾರೂ ಹೇಳ್ಲಿಲ್ಲ.” ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, “ಭಾನುವಾರ ನಾನೂ ಬತ್ತೀನಿ. ಕೈ ಹಿಡ್ಕಳಾಕೆ ಒಬ್ರು ಬೇಕು” ಅಂದರು.

ಮೇ ೨೮, ಭಾನುವಾರ. ಬೆಳಿಗ್ಗೆ ಎಂಟೂವರೆ. ಹೊಳೆ ತೆಳ್ಳಗೆ ಹರಿಯುತ್ತಿತ್ತು. ಅಜ್ಜ ಒಗೆದ ಪಂಚೆ ಉಟ್ಟು, ತಲೆಗೆ ಟವೆಲ್ ಸುತ್ತಿ ಬಂಡೆಯ ಮೇಲೆ ಕೂತರು. ಅಪ್ಪ ಅವರ ಭುಜ ಹಿಡಿದು ಹಿಂದೆ ನಿಂತರು. ನಾನು ಅಜ್ಜನ ಪಕ್ಕದಲ್ಲಿ. ಚಿಕ್ಕಪ್ಪ ನೀರಿಗಿಳಿದು ಬಲೆಯ ಅರ್ಧವನ್ನು ಮೊಣಕೈ ಮೇಲೆ ಹಾಕಿಕೊಂಡು, ಅಂಚಿನ ಒಂದು ಗುಂಡನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ಮುಂಚೆ, “ಆ ಕಡೆ ಜಾಸ್ತಿ ಎಸೀಬ್ಯಾಡ್ವಾ ಅಪ್ಪಯ್ಯ? ಮೈಸೂರು ಮೀನು ಹಿಡ್ದ್ರೆ ಸುಂಕ ಕೇಳ್ತಾರೆ” ಅಂದ.

“ಬಾಯಿ ಮುಚ್ಚಿ ಬೀಸ್ಲಾ” ಅಂದರು ಅಜ್ಜ.

ಚಿಕ್ಕಪ್ಪ ಸೊಂಟ ತಿರುಗಿಸಿ ಬೀಸಿದ.

ಬಲೆಯ ಮೇಲಿನ ಭಾಗ ಅಗಲವಾಗಿ ಬಿಚ್ಚಿಕೊಂಡಿತು. ಅಲ್ಲಿಯವರೆಗೆ ಸರಿಯಾಗಿತ್ತು. ಅಂಚು ಮಾತ್ರ ಹೊರಗೆ ಹೋಗದೆ ಒಳಕ್ಕೇ ಮಡಚಿಕೊಂಡಿತು. ಮಡಕೆ ಬೋರಲಾದಂತೆ ಬಾಯಿ ಮುದುಡಿಕೊಂಡು, ಸೀಸದ ಗುಂಡುಗಳೆಲ್ಲ ಒಂದೇ ಕಡೆ ದಬಕ್ಕನೆ ನೀರಿಗೆ ಬಿದ್ದವು. ಒಂದು ಮೀನಿನ ಮೇಲೂ ಅದು ಕವಿಯುವಂತಿರಲಿಲ್ಲ. ಚಿಕ್ಕಪ್ಪ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ, “ಬಿಚ್ಕತು ಅಪ್ಪಯ್ಯ. ರೊಟ್ಟಿ ಹಂಗೇ” ಅಂದ.

ಅಜ್ಜನ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿ, “ನೀನು ಹೇಳು ಮಗ. ಬರ್ಕಳೋಳು ನೀನು. ಏನಂತ ಬರ್ಕತೀಯ?” ಎಂದು ಕೇಳಿದರು.

ಚಿಕ್ಕಪ್ಪ ನೀರಿನಲ್ಲಿ ನಿಂತೇ ನನಗೆ ಕಣ್ಣು ಮಿಟುಕಿಸುತ್ತಿದ್ದ. ಅಪ್ಪ ಬೇರೆ ಕಡೆ ನೋಡುತ್ತಿದ್ದರು. ಆರು ಸಾವಿರದ ಎಂಟುನೂರ ಐವತ್ತೆರಡು ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು. ಹೌದು ಎಂದುಬಿಟ್ಟರೆ ಅಜ್ಜನಿಗೆ ಅವರು ಕೇಳಿದ್ದು ಸಿಕ್ಕಂತಾಗುತ್ತಿತ್ತು.

“ಇಲ್ಲಜ್ಜ. ಬಾಯಿ ಮುದುಡ್ತು” ಅಂದೆ. ಅಷ್ಟು ಹೇಳುವಾಗಲೇ ಅಳು ಬಂತು.

“ಮುದುಡ್ತಾ? ಅಂಚು ಒಳಕ್ಕೆ ಬಂತಾ?”

“ಹೂಂ.”

“ಮೇಗಡೆ ಬಿಚ್ಕಂಡು, ಕೆಳಗೆ ಗಡಿಗೆ ಹಂಗೆ?”

“ಹೂಂ.”

ಅಜ್ಜ ತೊಡೆ ತಟ್ಟಿಕೊಂಡು ನಕ್ಕರು. ನಾನು ಅವರು ಹಾಗೆ ನಕ್ಕಿದ್ದನ್ನು ಆ ವರ್ಷ ಇನ್ನೊಂದು ಸಲ ಬರೆದಿಲ್ಲ. “ನಂಗೂ ಹಂಗೇ ಕಾಣ್ತು ಕಣೇ. ಬಿಚ್ಕತು ಅಂತ ಇವ್ನು ಅಂದಾಗ, ಸರಿ, ಇದೂ ಹೋಯ್ತು, ಐದು ಹೆಜ್ಜೇಲಿ ಇಲ್ದಿದ್ದು ಕಾಣೋಕೆ ಶುರುವಾಯ್ತು ಅನ್ಕಂಡೆ. ನಂಗೆ ಕಂಡಿದ್ದು ಸರಿಯಾಗೇ ಐತೆ.” ಆಮೇಲೆ ಚಿಕ್ಕಪ್ಪನಿಗೆ, “ಕಣ್ಣು ಕಾಣದೋನಿಗೆ ಸುಳ್ಳು ಹೇಳ್ಬ್ಯಾಡ್ಲಾ. ಇರೋದ್ನೂ ಕಿತ್ಕಂಡಂಗಾಯ್ತದೆ” ಅಂದರು. ಚಿಕ್ಕಪ್ಪ ತಲೆ ತಗ್ಗಿಸಿಕೊಂಡು ಬಲೆ ಎಳೆಯತೊಡಗಿದ.

ಒದ್ದೆ ಬಲೆಯನ್ನು ಬಂಡೆಯ ಮೇಲೆ ಹಾಕಿಸಿಕೊಂಡು ಅಜ್ಜ ಮೇಲಿನ ಒಂದು ಕಿಂಡಿಗೆ ತಮ್ಮ ಎರಡು ಬೆರಳು ತೂರಿಸಿದರು. ಸರಿಯಾಗಿ ಹಿಡಿಯಿತು. ಕೆಳಗಿನ ಕಿಂಡಿಗೆ ತೂರಿಸಿದರು. ಹೋಗಲಿಲ್ಲ. ಒಂದೇ ಬೆರಳು ಹೋಯಿತು. “ಕೈ ತಾ ಇಲ್ಲಿ” ಎಂದು ನನ್ನ ಎರಡು ಬೆರಳನ್ನು ಹಿಡಿದು ತಮ್ಮ ಬೆರಳಿನ ಪಕ್ಕ ಇಟ್ಟುಕೊಂಡರು. ನಾವಿಬ್ಬರೂ ಎರಡೂಮುಕ್ಕಾಲು ತಿಂಗಳು ಗಂಟನ್ನೇ ನೋಡಿದ್ದೆವು. ಅವರು ಬಿಗಿ ನೋಡಿದರು, ನಾನು ಎಣಿಸಿದೆ. ಹನ್ನೆರಡು ವರ್ಷದವಳ ಬೆರಳು ಎಷ್ಟು ದಪ್ಪ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಒಬ್ಬರು ಹಿಡಿದ ಬಲೆಗೆ ಇನ್ನೊಬ್ಬರು ಯಾಕೆ ಕೈ ಹಾಕಬಾರದು ಎಂಬುದು ಅಜ್ಜಿಯ ಅತ್ತೆಗೆ ಗೊತ್ತಿತ್ತೋ ಏನೋ, ಕಾರಣ ಮಾತ್ರ ನಮ್ಮವರೆಗೆ ಬರಲಿಲ್ಲ.

“ಸಣ್ಣ ಕಿಂಡಿ ಆದ್ರೆ ಜಾಸ್ತಿ ಕಿಂಡಿ ಹೆಚ್ಚಿಸ್ಬೇಕಿತ್ತು. ನಾನು ನನ್ನ ಬೆರಳಿನ ಲೆಕ್ಕದಲ್ಲಿ ಹೇಳ್ದೆ. ತಪ್ಪು ನಂದೇ” ಅಂದರು ಅಜ್ಜ.

ನನಗೆ ಆ ಮಾತು ಕಿವಿಗೆ ಹೋಗಲಿಲ್ಲ. ಮಳೆಗೆ ಇನ್ನು ಒಂದು ವಾರ ಇರಬಹುದು, ಅಜ್ಜನಿಗೆ ಆರು ಹೆಜ್ಜೆ. ಅವತ್ತು ಸಂಜೆ ಅಜ್ಜ ಸ್ನಾನಕ್ಕೆ ಹೋಗಿದ್ದಾಗ ಕತ್ತಿ ತಂದು ನಲವತ್ತಾರನೇ ಸಾಲಿನ ಕೆಳಗೆ ಬಲೆಯನ್ನು ಕೊಯ್ದೆ. ಅಂಚಿನ ಗುಂಡುಗಳನ್ನು ಬಿಡಿಸಿಟ್ಟು, ಮೂವತ್ತನಾಲ್ಕು ಸಾಲನ್ನೂ ಮುದ್ದೆ ಮಾಡಿ ಬಚ್ಚಲೊಲೆಗೆ ತುರುಕಿದೆ. ಒಳಗಿನಿಂದ ಅಜ್ಜ, “ಏನೋ ಮತ್ತಿ ವಾಸನೆ ಬತ್ತೈತಲ್ಲ” ಅಂದರು.

ಹೊರಗೆ ಬಂದಾಗ ಹೇಳಿದೆ.

“ಸುಟ್ಟುಬಿಟ್ಟಾ?” ಅಂದರು. ಬೈಯಲಿಲ್ಲ. “ಇಟ್ಕಂಡಿದ್ರೆ ಎಲ್ಲೆಲ್ಲಿ ಹೆಚ್ಚಿಸಿದ್ವಿ ಅಂತ ನೋಡ್ಕಂಡು ಹೆಣೀಬೋದಿತ್ತು.”

“ನೀನು ಹೇಳ್ತೀಯಲ್ಲಜ್ಜ” ಅಂದೆ.

“ಹೂಂ. ಹೇಳ್ತೀನಿ.”

ಜೂನ್ ೫ರಿಂದ ಮತ್ತೆ ಶುರು. ಈ ಸಲ ಅಜ್ಜನ ಎರಡು ಬೆರಳಿನ ಅಗಲಕ್ಕೆ ಬಿದಿರಿನ ಪಟ್ಟಿ ಸೀಳಿಕೊಂಡೆ. ಅಜ್ಜ ಬೇಡ ಅನ್ನಲಿಲ್ಲ. ಆದರೆ ಮಳೆ ಹಿಡಿದಿತ್ತು, ಶಾಲೆ ತೆರೆದಿತ್ತು, ಹೊಳೆ ತುಂಬಿತ್ತು. ದೀಪಾವಳಿಗೆ ಮುಂಚೆ ಬೀಸುವಂತಿಲ್ಲ ಎಂದು ಗೊತ್ತಿದ್ದು ಹೆಣೆಯುವುದು ಬೇರೆಯೇ ಕೆಲಸ. ಜೂನ್‌ನಲ್ಲಿ ಸಾವಿರದ ಇನ್ನೂರ ನಾಲ್ಕು ಗಂಟು. ಜುಲೈನಲ್ಲಿ ಆರುನೂರ ಹನ್ನೊಂದು.

ಬಲಗಡೆಯ ಹಾಳೆ: ಜೂನ್ ೨೬ಕ್ಕೆ ಮೂರು ಹೆಜ್ಜೆ. ಜುಲೈ ೨೪ಕ್ಕೆ ಒಂದು. ಜುಲೈ ೩೧ರ ಸೋಮವಾರ ನಾನು ಅಜ್ಜನ ಎದುರಿಗೇ ಕೂತು, ಮುಖದ ಹತ್ತಿರ ನಾಲ್ಕು ಬೆರಳು ಹಿಡಿದೆ. ಎರಡಾ ಎಂದರು. ಮೂರು ಬೆರಳು ಹಿಡಿದೆ. ಎರಡು ಎಂದರು. ಮೂರನೇ ಸಲ ಬೆರಳೇ ಎತ್ತಲಿಲ್ಲ. ಅದಕ್ಕೂ ಎರಡು ಎಂದರು. ನಾನು ಪೆನ್ಸಿಲ್ ಹಿಡಿದುಕೊಂಡೆ, ಬರೆಯಲಿಲ್ಲ.

“ಸೊನ್ನೆ ಬರಿ ಮಗ” ಅಂದರು ಅಜ್ಜ. “ದುಂಡಗೆ ಬರಿ. ಅದಕ್ಕೇನಂತೆ.”

ಬರೆದೆ. ಆಗಸ್ಟ್‌ನಲ್ಲಿ ತೊಂಬತ್ತೇಳು ಗಂಟು ಹಾಕಿದ್ದೇನೆ, ಅದೂ ೧೯ನೇ ತಾರೀಖಿನವರೆಗೆ. ಹನ್ನೊಂದು ಸಾಲು ಮುಗಿದಿತ್ತು, ಇಪ್ಪತ್ತಮೂರು ಉಳಿದಿತ್ತು. ಆಮೇಲೆ ಪುಸ್ತಕದಲ್ಲಿ ಬಲೆಯ ಮಾತಿಲ್ಲ. ಯಾವತ್ತು ಚೀಲಕ್ಕೆ ಹಾಕಿದೆ, ಯಾವತ್ತು ಅಟ್ಟಕ್ಕೆ ಏರಿಸಿದೆ ಎಂಬುದನ್ನೂ ಬರೆದಿಲ್ಲ. ನೋಡುವವರೇ ಇಲ್ಲದ ಮೇಲೆ ಬಲೆ ಯಾಕೆ ಎಂದು ನನ್ನೊಳಗೆ ಅಂದುಕೊಂಡಿರಬೇಕು. ಅಜ್ಜ ಆಮೇಲೆ ಮೂರು ವರ್ಷ, ನಾಲ್ಕು ತಿಂಗಳು ಬದುಕಿದ್ದರು. ದಿನವೂ ಅದೇ ಕಂಬಕ್ಕೆ ಒರಗಿ ಕೂರುತ್ತಿದ್ದರು. ಬಲೆ ಎಲ್ಲಿಗೆ ಬಂತು ಎಂದು ಅವರು ಒಂದು ದಿನವೂ ಕೇಳಲಿಲ್ಲ. ನಾನೂ ಒಂದು ದಿನ ಅವರ ಪಕ್ಕ ಕೂತು, ಮುಂದೆ ಎಲ್ಲಿ ಹೆಚ್ಚಿಸಬೇಕು ಎಂದು ಕೇಳಲಿಲ್ಲ. ಕೈಗೆ ಬಲೆ ಕೊಟ್ಟಿದ್ದರೆ ಸಾಕಿತ್ತು; ಅದಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ.

ಇವತ್ತು ಬೆಳಿಗ್ಗೆ ನಾನು ನಿಂತದ್ದು ಅಲ್ಲಿಯೇ. ಐವತ್ತೆಂಟನೇ ಸಾಲಿನ ಹದಿನೇಳು ಗಂಟು ಹಾಕಿದ ಮೇಲೆ ಒಂದು ಕಿಂಡಿ ಹೆಚ್ಚಿಸಬೇಕೋ ಬೇಡವೋ ತಿಳಿಯಲಿಲ್ಲ. ಪುಸ್ತಕ ತೆರೆದೆ. ಎಷ್ಟು ಗಂಟು ಎಂದು ಪ್ರತಿ ದಿನದ್ದೂ ಇದೆ. ಎಲ್ಲಿ ಹೆಚ್ಚಿಸಿದೆ ಎಂದು ಒಂದು ದಿನದ್ದೂ ಇಲ್ಲ. ಅಜ್ಜ ಹೆಣೆದ ನಲವತ್ತಾರು ಸಾಲಿನಲ್ಲಿ ಕ್ರಮವೇನಾದರೂ ಕಾಣುತ್ತದೆಯೇ ಎಂದು ನೆತ್ತಿಯಿಂದ ಎಣಿಸಿದೆ. ನಾಲ್ಕು ಸಾಲು ಬಿಟ್ಟು ಒಂದು ಕಡೆ ಹೆಚ್ಚಿಸಿದ್ದಾರೆ, ಮತ್ತೆ ನಾಲ್ಕು, ಆಮೇಲೆ ಐದು, ಆಮೇಲೆ ಮೂರು, ಆರು, ಮೂರು. ನನಗೆ ಅದರಲ್ಲಿ ಲೆಕ್ಕ ಸಿಗಲಿಲ್ಲ. ಅವರು ಬಲೆಯನ್ನು ಎತ್ತಿ ತೂಗಿ ನೋಡುತ್ತಿದ್ದರಲ್ಲ, ಹಾಗೆ ನಾನೂ ಎತ್ತಿ ನೋಡಿದೆ. ಭಾರವಾಗಿದೆ ಎಂಬುದಷ್ಟೇ ತಿಳಿಯಿತು. ಊರಿನಲ್ಲಿ ಕೇಳೋಣವೆಂದರೆ ಹೆಣೆಯುತ್ತಿದ್ದ ಏಳು ಮನೆಯ ಹಿರಿಯರಲ್ಲಿ ಆರು ಜನ ಇಲ್ಲ. ಉಳಿದೊಬ್ಬರು ಮಗಳ ಮನೆಗೆಂದು ತಿತಿಮತಿ ಕಡೆಗೆ ಹೋದವರು ಈಗ ಯಾರ ಗುರುತೂ ಹಿಡಿಯುವುದಿಲ್ಲವಂತೆ. ಸಂತೆಯಲ್ಲಿ ಸಿದ್ಧ ಬಲೆ ಸಿಗುತ್ತದೆ, ಅದನ್ನೇ ತರೋಣ ಎನ್ನುತ್ತಾನೆ ಚಿಕ್ಕಪ್ಪ. ಅದರ ಕಿಂಡಿಗಳೆಲ್ಲ ಒಂದೇ ಸಮ. ನನಗೆ ಬೇಕಾದದ್ದು ಅದಲ್ಲ. ಈ ಬಲೆ ಪೂರ್ತಿಯಾಗಿ ಬಿಚ್ಚಿಕೊಂಡದ್ದನ್ನು ಅಜ್ಜ ನೋಡಲಿಲ್ಲ, ನಾನೂ ನೋಡಿಲ್ಲ, ಯಾರೂ ನೋಡಿಲ್ಲ.

ಆದ್ದರಿಂದ ಓದುವವರಲ್ಲಿ ಒಂದು ಕೇಳಿಕೆ. ಹೇಮಾವತಿಯ ಎರಡು ದಡದಲ್ಲಾಗಲಿ, ಕಾವೇರಿಯ ಕಡೆಯಲ್ಲಾಗಲಿ, ಬೆರಳಿನ ಅಳತೆಯಲ್ಲಿ ಮನೆಯ ಬೀಸುಬಲೆ ಹೆಣೆಯುತ್ತಿದ್ದವರು ಯಾರಾದರೂ ಇದ್ದರೆ, ಎಂಬತ್ತು ಸಾಲಿನ ಬಲೆಗೆ ಐವತ್ತೆಂಟನೇ ಸಾಲಿನಿಂದ ಮುಂದೆ ಎಲ್ಲೆಲ್ಲಿ ಕಿಂಡಿ ಹೆಚ್ಚಿಸುತ್ತಾರೆ, ಬಲೆಯನ್ನು ಕೈಯಲ್ಲಿ ಎತ್ತಿದಾಗ ಏನನ್ನು ನೋಡಿ ಅದನ್ನು ತಿಳಿಯುತ್ತಾರೆ ಎಂದು ಈ ಪತ್ರಿಕೆಗೆ ಬರೆದು ತಿಳಿಸಬೇಕು. ಅಂಥವರಿಗೆ ಬರೆಯಲು ಬಾರದಿದ್ದರೆ ಅವರ ಮನೆಯ ಮಕ್ಕಳು ಪಕ್ಕದಲ್ಲಿ ಕೂತು, ಅವರ ಕೈಗೆ ಒಂದು ಬಲೆ ಕೊಟ್ಟು, ಕೇಳಿ ಬರೆದುಕೊಳ್ಳಬೇಕು. ಇವತ್ತೇ ಕೇಳಿದರೆ ಒಳ್ಳೆಯದು.